ಮುಂದಿನ ಪ್ಯಾರಾವನ್ನೂ ಓದು

ವಕೀಲರ ವೃತ್ತಿನೀತಿಯ ಮೇಲಿನ ಪ್ರಬಂಧ ಸ್ಪರ್ಧೆಗೆ ಹೆಸರು ಕೊಟ್ಟಿದ್ದೀಯಂತೆ, ಸಂತೋಷ ಮಗಳೇ. ನೀನು ತೋರಿಸಿದ ಮೊದಲ ಪುಟ ‘ವಕೀಲಿಕೆ ಪವಿತ್ರ ವೃತ್ತಿ’ ಎಂದು ಶುರುವಾಗಿದೆ. ಆ ಸಾಲನ್ನು ಹೊಡೆದುಹಾಕು. ನಲವತ್ತು ವರ್ಷ ಕರಿಕೋಟು ತೊಟ್ಟವನೇ ಹೇಳುತ್ತಿದ್ದೇನೆ. ಪವಿತ್ರ ಅಂದುಬಿಟ್ಟ ಮೇಲೆ ವಾದಿಸಲು ಏನು ಉಳಿಯಿತು?

ಸುಳ್ಳುಸಾಕ್ಷಿ ಹೇಳಿಸಬಾರದು ಅನ್ನಲು ಪ್ರಬಂಧ ಬೇಕಿಲ್ಲ. ಎರಡು ನ್ಯಾಯಗಳು ಎದುರುಬದುರು ನಿಲ್ಲುವ ಒಂದೇ ಒಂದು ಜಾಗ ಹುಡುಕಿಕೋ, ಸಾಕು.

ಆರ್. ಡಿ. ಸಕ್ಸೇನಾ ಪ್ರಕರಣವನ್ನೇ ನೋಡು. ಮಧ್ಯಪ್ರದೇಶದ ಸಹಕಾರಿ ಬ್ಯಾಂಕೊಂದು 1993ರಲ್ಲಿ ತನ್ನ ವಕೀಲರನ್ನು ಬಿಡಿಸಿ, ಕಡತಗಳನ್ನು ವಾಪಸು ಕೇಳಿತು. ‘ಬಾಕಿ ಫೀಸು 97,100 ರೂಪಾಯಿ ಕೊಡಿ, ಆಮೇಲೆ ಕಡತ’ ಎಂದರು ಅವರು. ದುಡಿದದ್ದಕ್ಕೆ ಕೂಲಿ ಕೇಳುವುದು ತಪ್ಪೇ? ಅತ್ತ ಕಡತ ಸಿಗದೆ ಕಕ್ಷಿದಾರನ ಕೇಸು ಕೆಟ್ಟರೆ ಹೊಣೆ ಯಾರು? 2000ದಲ್ಲಿ ಸುಪ್ರೀಂ ಕೋರ್ಟು ಕಕ್ಷಿದಾರನ ಕಡೆ ನಿಂತಿತು. ಕಡತ ಮಾರಿ ಹಣ ಮಾಡುವ ಸರಕಲ್ಲ, ಆದ್ದರಿಂದ ಅದನ್ನು ಅಡ ಹಿಡಿಯುವಂತಿಲ್ಲ. ಫೀಸು ವಸೂಲಿಗೆ ಬೇರೆ ದಾರಿಗಳಿವೆ ಎಂದಿತು.

ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನೀನು ಮುಂದೆ ಹೋಗು. ಬಾರ್ ಕೌನ್ಸಿಲ್ ಆ ವಕೀಲರನ್ನು 18 ತಿಂಗಳು ವೃತ್ತಿಯಿಂದ ದೂರವಿಟ್ಟಿತ್ತು. ಸುಪ್ರೀಂ ಕೋರ್ಟು ಅದನ್ನು ಬರೀ ವಾಗ್ದಂಡನೆಗೆ ಇಳಿಸಿತು. ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ತನಗಿದೆಯೆಂದು ಆ ವಕೀಲರು ಪ್ರಾಮಾಣಿಕವಾಗಿ ನಂಬಿದ್ದರೆಂಬುದನ್ನು ಲೆಕ್ಕಕ್ಕೆ ಹಿಡಿಯಿತು. ತಪ್ಪು ಅಂದೂ ಶಿಕ್ಷೆ ಇಳಿಸಿದ್ದು ಸರಿಯೇ? ನಂಬಿಕೆ ಪ್ರಾಮಾಣಿಕವಾಗಿದ್ದರೆ ತಪ್ಪಿನ ತೂಕ ಇಳಿಯುತ್ತದೆಯೇ? ನಿನ್ನ ಪ್ರಬಂಧ ಶುರುವಾಗಬೇಕಾದದ್ದು ಅಲ್ಲಿಂದ.

ಬರೆಯುವಾಗ ಎದುರು ಪಕ್ಷದ ವಾದವನ್ನು ಅವರ ವಕೀಲರೇ ಮೆಚ್ಚುವಷ್ಟು ಗಟ್ಟಿಯಾಗಿ ಕಟ್ಟು, ಆಮೇಲೆ ಉತ್ತರ ಹೇಳು. ಹುಲ್ಲಿನ ಬೊಂಬೆಯನ್ನು ಹೊಡೆದು ಗೆದ್ದೆ ಅಂದರೆ ತೀರ್ಪುಗಾರರು ನಗುತ್ತಾರೆ.

ಇನ್ನೊಂದು ಮಾತು, ನನ್ನದೇ ಕಥೆ. ಜೂನಿಯರ್ ಆಗಿದ್ದಾಗ ಹೆಡ್‌ನೋಟ್, ಅಂದರೆ ಮೇಲಿನ ಸಾರಾಂಶ, ಮಾತ್ರ ಓದಿ ಒಂದು ತೀರ್ಪನ್ನು ನ್ಯಾಯಾಲಯದ ಮುಂದಿಟ್ಟೆ. ಎದುರಿನ ಹಿರಿಯರು ಎದ್ದು ನಿಂತು, ಅದೇ ತೀರ್ಪಿನ ಮುಂದಿನ ಪ್ಯಾರಾ ಓದಿದರು, ಅಷ್ಟೆ. ಅದು ನನಗೆ ಪೂರಾ ವಿರುದ್ಧವಾಗಿತ್ತು. ಕೇಸು ಹೋದದ್ದಕ್ಕಿಂತ, ನನ್ನನ್ನು ನಂಬಿ ಹಿಂದಿನ ಬೆಂಚಿನಲ್ಲಿ ಕೂತಿದ್ದ ಕಕ್ಷಿದಾರನ ಮುಖವೇ ಇವತ್ತಿಗೂ ಹೆಚ್ಚು ಕಾಡುತ್ತದೆ.

ನಿಮ್ಮ ಕಾಲದ ಆಪತ್ತು ಇನ್ನೂ ದೊಡ್ಡದು. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿ ಹೆಣೆದುಕೊಟ್ಟ, ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡಕ್ಕೆ ಗುರಿಯಾದರು. ನೀತಿಯ ಮೇಲಿನ ಪ್ರಬಂಧಕ್ಕೇ ಅಂಥ ತೀರ್ಪು ನುಸುಳಿದರೆ ಅದಕ್ಕಿಂತ ನಗೆಪಾಟಲು ಬೇರೊಂದಿಲ್ಲ. ಓದದ ತೀರ್ಪನ್ನು ಹೆಸರಿಸಬೇಡ. ಬೇರೆಯವರ ಯೋಚನೆ ತೆಗೆದುಕೊಂಡರೆ ಅವರ ಹೆಸರು ಹಾಕು.

ಬಹುಮಾನ ಬಂದರೆ ಬರಲಿ, ಬಾರದಿದ್ದರೆ ಬಿಡು. ಕೊನೆಯ ಪುಟದ ಕೆಳಗೆ ಸಹಿ ಹಾಕುವ ಮುನ್ನ ಒಮ್ಮೆ ಕೇಳಿಕೋ: ಇದರ ಯಾವ ಸಾಲಿನ ಮೇಲೆ ಪಾಟಿಸವಾಲು ಹಾಕಿದರೂ ಉತ್ತರ ಕೊಡಬಲ್ಲೆನೇ? ಕೊಡಬಲ್ಲೆ ಅನ್ನಿಸಿದ ದಿನ ಕಳಿಸು.