ಅಂತರ್ಜಾಲ ಮತ್ತು ಜಾಗತಿಕ ನಾಗರಿಕ ಸಮಾಜ: ರೈತ ಸಂಘದ ನಿದರ್ಶನ

ಸರ್ಕಾರ, ಮಾರುಕಟ್ಟೆಗಳ ಹೊರಗೆ, ದೇಶಗಳ ಗಡಿ ಮೀರಿ ಸಂಘಟಿತರಾಗುವ ಜನರ ವಲಯವೇ ಜಾಗತಿಕ ನಾಗರಿಕ ಸಮಾಜ. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ರೈತ ಸಂಘ ಇದಕ್ಕೆ ಒಳ್ಳೆಯ ನಿದರ್ಶನ. ಮಂಡ್ಯ ಜಿಲ್ಲೆಯ ಪಾಂಡವಪುರ ಅದರ ಗಟ್ಟಿ ನೆಲೆ. ಸಂಘದ ಮುಖಂಡ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಇಲ್ಲಿಂದಲೇ ವಿಧಾನಸಭೆಗೆ ಆಯ್ಕೆಯಾದರು. ಈ ಸ್ಥಳೀಯ ನೆಲೆಯಾಚೆಗೆ, ಅಂತರರಾಷ್ಟ್ರೀಯ ರೈತ ಒಕ್ಕೂಟ ‘ಲಾ ವಿಯಾ ಕಂಪೆಸಿನಾ’ ಅಲ್ಲದೆ, 1998ರ ಫೆಬ್ರವರಿಯಲ್ಲಿ ಜಿನೀವಾದಲ್ಲಿ ರೂಪುಗೊಂಡ ‘ಪೀಪಲ್ಸ್ ಗ್ಲೋಬಲ್ ಆ್ಯಕ್ಷನ್’ ಜಾಲದಲ್ಲೂ ಸಂಘ ಪಾಲ್ಗೊಂಡಿತು. ಈ ಜಾಲಕ್ಕೆ ಕೇಂದ್ರ ಕಚೇರಿಯಾಗಲಿ ಸದಸ್ಯತ್ವವಾಗಲಿ ಇರಲಿಲ್ಲ. ಹೋರಾಟದ ಕರೆಗಳು ಮುಖ್ಯವಾಗಿ ಇ-ಮೇಲ್, ಜಾಲತಾಣಗಳಲ್ಲಿ ಹರಡುತ್ತಿದ್ದವು. ಆಗ ಹಳ್ಳಿಗಳಿಗೆ ಅಂತರ್ಜಾಲ ಬಂದಿರಲಿಲ್ಲವೆಂಬುದನ್ನು ಮರೆಯುವಂತಿಲ್ಲ. ದೇಶಗಳ ನಡುವಿನ ಕೊಂಡಿಯಷ್ಟೇ ಅದು. 1999ರಲ್ಲಿ ನೂರಾರು ಭಾರತೀಯ ರೈತರು ವಿಶ್ವ ವಾಣಿಜ್ಯ ಸಂಸ್ಥೆಯ ನೀತಿ ಹಾಗೂ ಕುಲಾಂತರಿ ಬೀಜಗಳನ್ನು ವಿರೋಧಿಸಿ ಯುರೋಪಿನಲ್ಲಿ ಜಾಥಾ ನಡೆಸಿದರು. ಜಾಲದ ಎರಡನೇ ಸಮ್ಮೇಳನ ಅದೇ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಜರುಗಿತು.