ಸೂಜಿ-ನೂಲಿನ ಕಾಯಕ

ಕಾಯಕವೆಂದೊಡನೆ ಒಕ್ಕಲಿಗನ ನೇಗಿಲು, ವರ್ತಕನ ತಕ್ಕಡಿ, ಕಮ್ಮಾರನ ಕುಲುಮೆ ಇವು ಸಾಮಾನ್ಯವಾಗಿ ಜನರ ಕಣ್ಣಮುಂದೆ ನಿಲ್ಲುತ್ತವೆ. ಮಧ್ಯಾಹ್ನದ ಅಡಿಗೆ ಮುಗಿದ ಬಳಿಕ ಪಡಸಾಲೆಯಲ್ಲಿ ಕುಳಿತು ಸೀರೆಯ ಸೆರಗಿಗೆ ಕಸೂತಿ ಹಾಕುವ, ಹಳೆಯ ಬಟ್ಟೆಗಳನ್ನು ಕೂಡಿಸಿ ಕೌದಿ ಹೊಲಿಯುವ, ಮೊಮ್ಮಗುವಿಗಾಗಿ ಉಣ್ಣೆಯ ಟೊಪ್ಪಿಗೆ ಹೆಣೆಯುವ ತಾಯಂದಿರ ಕೆಲಸವು ಮಾತ್ರ ಹೊತ್ತು ಕಳೆಯುವ ಕೆಲಸವೆನಿಸಿಕೊಳ್ಳುತ್ತದೆ. ಮಾಡುವವರೂ ಹಾಗೆಯೇ ಹೇಳಿಕೊಳ್ಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಶರಣರ ನಡೆಯ ಬೆಳಕಿನಲ್ಲಿ ವಿಚಾರಿಸಿ ನೋಡುವುದು ಉಚಿತವಾಗಿದೆ.

ನೂಲನ್ನು ನಂಬಿ ಬಾಳಿದ ಶರಣರು

ಶರಣ ಸಮೂಹದಲ್ಲಿ ನಾರು-ನೂಲುಗಳನ್ನೇ ಆಶ್ರಯಿಸಿ ಬದುಕಿದವರು ಹಲವರು. ಆದ್ಯ ವಚನಕಾರರಲ್ಲಿ ಒಬ್ಬರಾದ ಮುದನೂರಿನ ಜೇಡರ ದಾಸಿಮಯ್ಯನವರಿಗೆ ಮಗ್ಗವೇ ಜೀವನಾಧಾರ. ಕದಿರ ರೆಮ್ಮವ್ವೆಯವರು ರಾಟೆಯಲ್ಲಿ ನೂಲು ತೆಗೆದವರು. ಸೂಜಿಕಾಯಕದ ರಾಮಿತಂದೆಗಳ ಹೆಸರಿನಲ್ಲಿಯೇ ಸೂಜಿಯಿದೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ತಂದು, ಹಗ್ಗ ಹೊಸೆದು ಮಾರಿ, ಬಂದುದರಿಂದ ಜಂಗಮದಾಸೋಹ ನಡೆಯಿಸಿದರು. ಈ ನಾಲ್ವರಲ್ಲಿ ಮೂವರು ಪುರುಷರೆಂಬುದನ್ನು ಗಮನಿಸಬೇಕು. ಸೂಜಿ-ನೂಲುಗಳು ಹೆಂಗಸರಿಗೆ ಮಾತ್ರ ಮೀಸಲೆಂಬ ಎಣಿಕೆಗೆ ಶರಣಧರ್ಮದಲ್ಲಿ ಆಧಾರವಿಲ್ಲ.

ಈ ಮಹನೀಯರ ವೈಶಿಷ್ಟ್ಯವೇನೆಂದರೆ, ಅನುಭಾವವನ್ನು ಹೇಳಲು ಅವರು ದೂರದ ಉಪಮಾನಗಳನ್ನು ಅರಸಿ ಹೋಗಲಿಲ್ಲ. ಕೈಯಲ್ಲಿದ್ದ ಸಾಧನವನ್ನೇ ದಿಟ್ಟಿಸಿ ನೋಡಿದರು. ರೆಮ್ಮವ್ವೆಯವರು ತಮ್ಮ ರಾಟೆಯ ಭಾಗಗಳನ್ನು ಒಂದೊಂದಾಗಿ ಹೆಸರಿಸುತ್ತಾರೆ. ಅಡಿಯ ಹಲಗೆಯಲ್ಲಿ ಅವರಿಗೆ ಬ್ರಹ್ಮನು ಕಾಣುತ್ತಾನೆ. ತೋರಣದಲ್ಲಿ ವಿಷ್ಣು, ನಿಂತ ಬೊಂಬೆಯಲ್ಲಿ ರುದ್ರನು ಕಾಣುತ್ತಾನೆ. ಕದಿರೇ ಅರಿವು, ಅದನ್ನು ತಿರುಗಿಸುವ ಕೈಯೇ ಭಕ್ತಿ. ರಾಟೆಯ ಮುಂದೆ ಒಮ್ಮೆ ಕುಳಿತು ನೋಡಿದವರಿಗೆ ಈ ಹೋಲಿಕೆಯ ಔಚಿತ್ಯ ತಾನಾಗಿ ತಿಳಿಯುತ್ತದೆ. ಕೈ ಆಡದಿದ್ದರೆ ಕದಿರು ತಿರುಗದು. ಕದಿರಿಲ್ಲದೆ ಕೈ ಎಷ್ಟು ತಿರುಗಿದರೂ ನೂಲು ಸುತ್ತದು. ಭಕ್ತಿಯಿಲ್ಲದ ಅರಿವು ಜಡ, ಅರಿವಿಲ್ಲದ ಭಕ್ತಿ ಬರಿಯ ಸುತ್ತಾಟ ಎಂಬ ತತ್ತ್ವವು ಇಲ್ಲಿ ಹತ್ತಿಯ ಹಂಜಿಯಿಂದಲೇ ಎಳೆಯಾಗಿ ಹೊರಟಿದೆ.

ದಾಸಿಮಯ್ಯನವರು ಮಗ್ಗದ ಕೆಲಸವನ್ನು ಕ್ರಮವಾಗಿ ವರ್ಣಿಸುತ್ತಾ ಬಂದು, ಲಾಳಿಯು ಕಂಡಿಕೆಯ ನೂಲನ್ನೆಲ್ಲ ತೀರಿಸಿದ ಮೇಲೆ, ಸಿದ್ಧವಾದ ಸೀರೆಯನ್ನು ನೆಯ್ದವರು ತಾವೋ ತಮ್ಮ ರಾಮನಾಥನೋ ಎಂದು ಬೆರಗಾಗುತ್ತಾರೆ. ಇದು ಕೇವಲ ವಿನಯದ ಮಾತಲ್ಲ. ಒಂದೇ ಚಲನೆಯನ್ನು ಸಾವಿರ ಬಾರಿ ಶ್ರದ್ಧೆಯಿಂದ ಮಾಡಿದವರಿಗೆ, ನಾನು ಮಾಡುತ್ತಿರುವೆನೆಂಬ ಭಾವವು ಎಲ್ಲಿಯೋ ಕರಗಿ, ಕೆಲಸವು ತಾನೇ ನಡೆಯುವಂತೆ ತೋರುವುದುಂಟು. ಸ್ಫೂರ್ತಿ ಮೊದಲು ಬರಬೇಕು, ಕೆಲಸ ಆಮೇಲೆ ನಡೆಯಬೇಕು ಎಂಬುದು ಲೋಕದ ವಾಡಿಕೆಯ ತಿಳಿವಳಿಕೆ. ಶರಣರಲ್ಲಿ ಈ ಕ್ರಮವು ಹಿಂದುಮುಂದಾಗಿದೆ. ಅವರು ಮೊದಲು ನೂತರು, ನೆಯ್ದರು. ನೂಲುತ್ತ ನೆಯ್ಯುತ್ತ ಇರುವಾಗಲೇ ಬೆಳಕು ಕಂಡರು.

ಕಸೂತಿಯ ಎರಡು ಮುಖ

ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಗಳ ಮನೆಮನೆಯಲ್ಲಿ ಬೆಳೆದು ಬಂದ ಕಸೂತಿಯು ಇದೇ ಪಾಠವನ್ನು ಬೇರೊಂದು ರೀತಿಯಲ್ಲಿ ಹೇಳುತ್ತದೆ. ಇಳಕಲ್ಲ ಸೀರೆಯ ಸೆರಗು, ಖಣದ ಕುಪ್ಪಸ, ಮಗುವಿನ ಕುಂಚಿ ಇವು ಕಸೂತಿಯ ನೆಲ. ಮದುವಣಗಿತ್ತಿಗೆಂದು ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕಿಸುವ ರೂಢಿಯೂ ಇತ್ತು.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಹಾಸು-ಹೊಕ್ಕುಗಳ ಎಳೆಗಳನ್ನು ಎಣಿಸಿಯೇ ಸೂಜಿಯನ್ನು ಇಳಿಸಬೇಕು. ಒಂದೆಳೆ ತಪ್ಪಿದರೆ ಅಲ್ಲಿ ಏನೂ ಕಾಣದು. ಆದರೆ ಹತ್ತು ಹೊಲಿಗೆ ಮುಂದೆ ಹೋದ ಬಳಿಕ ಗೋಪುರದ ಎರಡು ಅಂಚುಗಳು ಕೂಡುವುದಿಲ್ಲ. ಆಗ ಬಿಚ್ಚುತ್ತ ಹಿಂದಕ್ಕೆ ಹೋಗಿ, ತಪ್ಪಿದ ಸ್ಥಳವನ್ನು ಹುಡುಕಿ, ಅಲ್ಲಿಂದ ಮತ್ತೆ ಹೊರಡಬೇಕು. ಮೇಲುಮೇಲೆ ಹೊಲಿದು ಮುಚ್ಚುವ ಉಪಾಯ ಇಲ್ಲಿ ನಡೆಯದು.

ಇದರಲ್ಲಿ ಮುಖ್ಯವಾದ ಹೊಲಿಗೆಗಳು ನಾಲ್ಕು. ಗವಂತಿಯಲ್ಲಿ ಸೂಜಿಯು ಒಂದು ಬಾರಿ ಎಡೆಬಿಟ್ಟು ಹೊಲಿಯುತ್ತ ಹೋಗಿ, ಅದೇ ದಾರಿಯಲ್ಲಿ ಮರಳಿ ಬರುತ್ತ ಬಿಟ್ಟ ಎಡೆಗಳನ್ನು ತುಂಬುತ್ತದೆ. ಮುರಗಿಯು ಮೆಟ್ಟಿಲಿನಂತೆ ಏರಿಳಿಯುವ ಹೊಲಿಗೆ. ನೇಗಿಯು ನೆಯ್ಗೆಯನ್ನೇ ಹೋಲುವಂಥದು. ಮೆಂತೆಯ ಕಾಳನ್ನು ನೆನಪಿಸುವ ಅಡ್ಡಹೊಲಿಗೆಯೇ ಮೆಂತಿ. ಇವುಗಳಲ್ಲಿ ಗವಂತಿ, ಮುರಗಿಗಳ ವಿಶೇಷ ದೊಡ್ಡದು. ಗಂಟು ಹಾಕದೆ ಹೊಲಿಯುವುದರಿಂದ ಬಟ್ಟೆಯ ಮೇಲುಮುಖದಲ್ಲಿ ಹೇಗೋ ಒಳಮುಖದಲ್ಲಿಯೂ ಹಾಗೆಯೇ ಚಿತ್ರವು ಒಡಮೂಡುತ್ತದೆ. ತಿರುವಿ ಹಾಕಿದರೆ ಯಾವುದು ಒಳಗು, ಯಾವುದು ಹೊರಗು ಎಂದು ಗುರುತಿಸುವುದು ಕಷ್ಟ.

ಅಂತರಂಗ ಶುದ್ಧಿ, ಬಹಿರಂಗ ಶುದ್ಧಿಗಳು ಬೇರೆ ಬೇರೆಯಲ್ಲವೆಂದು ಶರಣರು ಸಾರಿದುದನ್ನು ಎಲ್ಲ ಭಕ್ತರೂ ಬಲ್ಲರು. ಆ ಉಪದೇಶವನ್ನು ಕಿವಿಯಿಂದ ಕೇಳುವುದು ಸುಲಭ. ಬೆರಳಿನಿಂದ ಕಲಿಯುವುದು ಬೇರೊಂದು ಬಗೆ. ಸೀರೆಯ ಒಳಮುಖವನ್ನು ಯಾರೂ ನೋಡುವುದಿಲ್ಲ. ಹಾಗಿದ್ದೂ ಅಲ್ಲಿಯೂ ಎಳೆಯನ್ನು ಎಣಿಸಿಯೇ ಇಡುವ ತಾಯಿಯು, ಕಾಣುವವರಿಲ್ಲದ ಕಡೆಯಲ್ಲಿಯೂ ಒಂದೇ ಬಗೆಯಾಗಿ ನಡೆಯುವ ಅಭ್ಯಾಸವನ್ನು ಕೈಗೆ ಕಲಿಸುತ್ತಿರುತ್ತಾಳೆ. ಗವಂತಿಯ ಮೊದಲ ನಡೆಯಲ್ಲಿ ಅರ್ಧ ಚಿತ್ರವಷ್ಟೇ ಇರುವುದು; ಮರಳಿ ಬರುವ ತಾಳ್ಮೆಯುಳ್ಳವರಿಗೆ ಮಾತ್ರ ಅದು ಪೂರ್ಣವಾಗುವುದು.

ಚಿತ್ರಗಳ ಸ್ಫೂರ್ತಿಯಾದರೂ ಎಲ್ಲಿಯದು? ಗುಡಿಯ ಗೋಪುರ, ಜಾತ್ರೆಯ ತೇರು, ಪಲ್ಲಕ್ಕಿ, ಅಂಬಾರಿಯ ಆನೆ, ನಂದಿ, ತೊಟ್ಟಿಲು, ಗಿಳಿ, ನವಿಲು, ಕಮಲ ಇವೆಲ್ಲ ಮನೆಯ ಅಂಗಳದಿಂದ ಊರ ಅಗಸೆಯವರೆಗೆ ದಿನವೂ ಕಂಡವುಗಳೇ. ಎಳೆಯ ಲೆಕ್ಕದಲ್ಲಿ ದುಂಡಾದ ಗೆರೆ ಸಾಧ್ಯವಿಲ್ಲ. ಆದುದರಿಂದ ಗಿಳಿಯ ಎದೆ ಮೆಟ್ಟಿಲಾಗುತ್ತದೆ, ತೇರಿನ ಕಲಶ ಚೌಕವಾಗುತ್ತದೆ. ಆ ಕಟ್ಟಿನೊಳಗಿನಿಂದಲೇ ಕಸೂತಿಗೆ ತನ್ನದಾದ ಚೆಲುವು ಬಂದಿದೆ. ನಿಯಮವು ಸ್ಫೂರ್ತಿಗೆ ಅಡ್ಡಿಯೆಂದು ಭಾವಿಸುವವರು ಈ ಗಿಳಿಯನ್ನೊಮ್ಮೆ ನೋಡಬೇಕು.

ಕೌದಿ ಮತ್ತು ಹೆಣಿಗೆ

ಕಸೂತಿಯು ಹಬ್ಬದ ಸೀರೆಗಾದರೆ ಕೌದಿಯು ನಿತ್ಯದ ಹಾಸಿಗೆಗೆ. ಹರಿದ ಧೋತರ, ಸವೆದ ಸೀರೆ, ಮಕ್ಕಳಿಗೆ ಗಿಡ್ಡವಾದ ಅಂಗಿ ಇವುಗಳ ತುಂಡುಗಳನ್ನು ಪದರ ಪದರವಾಗಿ ಹರಡಿ, ಸಾಲು ಸಾಲಾಗಿ ದಾರವೋಡಿಸಿದರೆ ಕೌದಿಯಾಗುತ್ತದೆ. ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ದಿ ಜನಾಂಗದ ತಾಯಂದಿರು ಅಂಚಿನಿಂದ ಹೊಲಿಯಲಾರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಒಂದೊಂದು ತುಂಡೂ ಬೇರೆ ಬೇರೆಯಾಗಿ ಎಸೆಯಲು ಯೋಗ್ಯವಾದುದು. ಕೂಡಿದಾಗ ಚಳಿಯನ್ನು ತಡೆಯುವಂಥದು. ದೊರೆತುದನ್ನೆಲ್ಲ ಪ್ರಸಾದವೆಂದು ಕಾಣುವ ಭಾವಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಮನೆಯಲ್ಲಿ ದೊರೆಯಲಾರದು.

ಉಣ್ಣೆಯ ಹೆಣಿಗೆಯ ಸ್ವಭಾವ ಇನ್ನೊಂದು ತೆರ. ನೆಯ್ದ ಬಟ್ಟೆಯಲ್ಲಿ ಹಾಸು, ಹೊಕ್ಕು ಎಂದು ಎರಡು ನೂಲುಗಳುಂಟು. ಎರಡು ಕಡ್ಡಿಗಳ ಹೆಣಿಗೆಯಲ್ಲಿ ಒಂದೇ ಎಳೆಯು ತನ್ನ ಕುಣಿಕೆಯೊಳಗೆ ತಾನೇ ಹಾದು ಬಟ್ಟೆಯಾಗುತ್ತದೆ. ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಕೆಳಗಿನ ಸಾಲುಗಳೂ ಒಂದೊಂದಾಗಿ ಬಿಚ್ಚುತ್ತ ಹೋಗುತ್ತವೆ. ಕಂಡ ಕೂಡಲೆ ಎತ್ತಿ ಕಡ್ಡಿಗೇರಿಸಿದರೆ ಹಾನಿ ಅಲ್ಪ. ಅಸಡ್ಡೆ ಮಾಡಿದರೆ ನಷ್ಟ ಬಹಳ. ನೇಮದಲ್ಲಿ ತಪ್ಪಿದ ಒಂದು ದಿನದ ಸ್ಥಿತಿಯೂ ಹೀಗೆಯೇ. ಆದರೆ ಪೂರ್ತಿ ಬಿಚ್ಚಿದರೂ ಎಳೆ ತುಂಡಾಗಿರುವುದಿಲ್ಲ. ಅದೇ ಉಣ್ಣೆಯಿಂದ ಮತ್ತೆ ಹೆಣೆಯಬಹುದು. ಸಾಧಕರಿಗೆ ಇದು ಭರವಸೆಯ ಮಾತು.

ಕೈಕೆಲಸದ ಬೆಲೆ

ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ಕೈಕೆಲಸವು ಉಪಮಾನದ ಸಾಮಗ್ರಿಯಾಗಿ ಉಳಿಯುತ್ತದೆ. ಶರಣರು ಕಾಯಕವನ್ನು ಹೊಗಳಿದುದು ಉಪಮಾನಕ್ಕಾಗಿ ಅಲ್ಲ. ಅದರಿಂದ ಒಲೆ ಉರಿಯಬೇಕು, ದಾಸೋಹ ನಡೆಯಬೇಕು. ದಾಸಿಮಯ್ಯನವರ ಬಟ್ಟೆ ಮಾರಾಟವಾಗದಿದ್ದರೆ ದುಗ್ಗಳೆಯವರು ಅಡಿಗೆಗೆ ಏನನ್ನು ಇಡಬೇಕಾಗಿತ್ತು?

ಇಂದು ಯಂತ್ರಗಳು ಕಸೂತಿಯ ಚಿತ್ರಗಳನ್ನು ಅನುಕರಿಸಿ ಅಲ್ಪ ಸಮಯದಲ್ಲಿ ರಾಶಿರಾಶಿಯಾಗಿ ಹೊಲಿಯುತ್ತವೆ. ಕಸೂತಿಗೆ ಭೌಗೋಳಿಕ ಸೂಚಿಕೆಯ ರಕ್ಷಣೆ ದೊರೆತಿದ್ದರೂ ಅಂಗಡಿಯಲ್ಲಿ ನಿಂತ ಗಿರಾಕಿಯು ವಿವೇಕ ತೋರದಿದ್ದರೆ ಆ ರಕ್ಷಣೆಯ ಪ್ರಯೋಜನ ಅಷ್ಟಕ್ಕಷ್ಟೆ. ಖಾದಿಯ ಸ್ಥಿತಿಯನ್ನೂ ನೋಡಬಹುದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜವನ್ನು ಸಿದ್ಧಪಡಿಸುವ ಕೀರ್ತಿ ಪಡೆದಿದೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು. ಧ್ವಜದ ಚಕ್ರವು ಬಟ್ಟೆಯ ಎರಡು ಮುಖಗಳಲ್ಲಿಯೂ ಒಂದಕ್ಕೊಂದು ಸರಿಹೊಂದಬೇಕು. ಅಲ್ಲಿಯೂ ಒಳ-ಹೊರಗಿನ ಐಕ್ಯದ ಪರೀಕ್ಷೆಯೇ. ೨೦೨೧ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಮತ್ತು ಪಾಲಿಯೆಸ್ಟರ್ ಬಟ್ಟೆಯ ಧ್ವಜಗಳಿಗೂ ಅವಕಾಶ ದೊರೆಯಿತು. ಅಗ್ಗದ ಧ್ವಜದ ಎದುರು ಕೈನೂಲಿನ ಧ್ವಜವು ಸ್ಪರ್ಧಿಸಬೇಕಾಗಿ ಬಂದಿತು.

ಇಲ್ಲಿ ಕೊಳ್ಳುವವರ ಧರ್ಮವು ಮುಂದೆ ಬರುತ್ತದೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಪತಿಗೆ ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನವರ ನಡೆಯನ್ನು ಎಲ್ಲರೂ ಕೊಂಡಾಡುತ್ತಾರೆ. ಆ ನಡೆಯನ್ನು ದುಡಿಯುವವರಿಗೆ ಮಾತ್ರ ಬೋಧಿಸಿ, ಕೊಳ್ಳುವವರು ಅದರಿಂದ ತಪ್ಪಿಸಿಕೊಳ್ಳುವುದು ನ್ಯಾಯವಲ್ಲ. ದುಡಿಮೆಗೆ ಮೀರಿದುದನ್ನು ಪಡೆಯುವುದು ದೋಷವಾದರೆ, ಪರರ ದುಡಿಮೆಗೆ ತಕ್ಕುದನ್ನು ಕೊಡದೆ ಉಳಿಸಿಕೊಂಡುದೂ ಸಲ್ಲದ ಅಕ್ಕಿಯೇ. ವಾರಗಟ್ಟಲೆ ಎಳೆ ಎಣಿಸಿ ಹೊಲಿದ ಸೆರಗನ್ನು ಹಿಡಿದು, ಮನೆಯಲ್ಲಿ ಸುಮ್ಮನೆ ಕುಳಿತು ಮಾಡಿದ ಕೆಲಸಕ್ಕೆ ಇಷ್ಟೇಕೆ ಎಂದು ಚೌಕಾಸಿ ಮಾಡುವ ಭಕ್ತರು ಇದನ್ನು ಮನನ ಮಾಡಬೇಕು.

ನಿಜವಾದ ಕೈಕೆಲಸವನ್ನು ಗುರುತಿಸಲು ಸುಲಭವಾದ ಮಾರ್ಗವೊಂದುಂಟು. ಸೆರಗನ್ನು ತಿರುವಿ ನೋಡಬೇಕು. ಗವಂತಿ, ಮುರಗಿಗಳಿದ್ದಲ್ಲಿ ಹಿಂದೆಯೂ ಮುಂದಿನಂತೆಯೇ ಅಚ್ಚುಕಟ್ಟಾದ ಗೆರೆಗಳಿರುತ್ತವೆ. ಯಂತ್ರದ ಹೊಲಿಗೆಯಲ್ಲಿ ಹಿಂಬದಿಗೆ ಬೇರೆಯೇ ದಾರ ಓಡಿರುವುದು ಕಾಣುತ್ತದೆ. ನೇಗಿ, ಮೆಂತಿಗಳಲ್ಲಿ ಕೈಕೆಲಸವಾದರೂ ಎರಡು ಮುಖ ಒಂದೇ ತೆರನಾಗಿರವು; ಆದುದರಿಂದ ಅಲ್ಲಿ ಈ ಪರೀಕ್ಷೆಯನ್ನು ಅನ್ವಯಿಸಬಾರದು.

ಗೃಹಸ್ಥರಿಗೆ

ಸೂಜಿ ಹಿಡಿದ ಮಾತ್ರಕ್ಕೆ ಕಾಯಕವಾಗದೆಂಬುದನ್ನೂ ನೆನೆಯಬೇಕು. ನೆರೆಮನೆಯವರನ್ನು ಮೀರಿಸಬೇಕೆಂಬ ಹಟ, ಪ್ರದರ್ಶನದ ಆಸೆ, ಕೈ ಆಡುತ್ತಿರುವಾಗ ಬಾಯಲ್ಲಿ ಪರನಿಂದೆ ಇವು ಬೆರೆತರೆ ನೂಲು ಶುದ್ಧವಾಗಿದ್ದರೂ ಕೆಲಸವು ಮೈಲಿಗೆಯಾಗುತ್ತದೆ. ಹಗಲ ಬೆಳಕಿನಲ್ಲಿ ಅರ್ಧ ಗಂಟೆಯಾದರೂ ಸರಿ, ನೇಮದಿಂದ ಕುಳಿತು, ಎಣಿಕೆಯಲ್ಲಿ ಮನಸ್ಸಿಟ್ಟು ಮಾಡಿದರೆ ಸಾಕು. ಮನೆಯ ಹೆಣ್ಣುಮಕ್ಕಳಿಗೆ ಕಲಿಸುವಂತೆ ಗಂಡುಮಕ್ಕಳಿಗೂ ಕಲಿಸಬೇಕು. ಗುಂಡಿ ಹಚ್ಚುವುದರಿಂದಲೇ ಪ್ರಾರಂಭವಾಗಲಿ. ಅಜ್ಜಿಯರ ಪೆಟ್ಟಿಗೆಯಲ್ಲಿರುವ ಹಳೆಯ ಕುಂಚಿ-ಕುಪ್ಪಸಗಳ ಕಸೂತಿಯನ್ನು ಎಳೆ ಎಣಿಸಿ ಬರೆದಿಟ್ಟುಕೊಳ್ಳುವುದು ಮಕ್ಕಳಿಗೆ ತಕ್ಕ ಅಭ್ಯಾಸ. ಬರೆದಿಡದ ಚಿತ್ರವು ಬಟ್ಟೆಯೊಡನೆಯೇ ಜೀರ್ಣವಾಗಿ ಹೋಗುತ್ತದೆ.

ಇನ್ನು ಕೊಳ್ಳುವವರು, ಮದುವೆ-ಮುಂಜಿವೆಗಳ ಜವಳಿಯಲ್ಲಿ ಒಂದಾದರೂ ಕೈಯಿಂದ ಮಾಡಿದುದನ್ನು ತಕ್ಕ ಬೆಲೆ ತೆತ್ತು ತಂದರೆ, ಒಂದು ಮನೆಯ ಕಾಯಕಕ್ಕೆ ಆಸರೆಯಾದಂತೆ. ಹೊಲಿಯುವವರು ಯಾರೂ ನೋಡದ ಮುಖವನ್ನು ಶುದ್ಧವಾಗಿಡಲಿ. ಕೊಳ್ಳುವವರು ಆ ಮುಖವನ್ನು ತಿರುವಿ ನೋಡಿ ಗೌರವಿಸಲಿ. ಈ ಎರಡೂ ಕೂಡಿದಲ್ಲಿ ಸೂಜಿ-ನೂಲಿನ ಕೆಲಸವು ಹೊತ್ತು ಕಳೆಯುವುದಾಗಿ ಉಳಿಯದೆ, ಶರಣರು ಮೆಚ್ಚುವ ಕಾಯಕವಾಗುವುದು.