ನಮ್ಮ ಕಸುವು, ನಮ್ಮ ಲೆಕ್ಕ

ಮಾನ್ವಿ ತಾಲ್ಲೂಕಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ. ಆ ನೀರಿನಿಂದ ಭತ್ತ ಬೆಳೆಯುತ್ತಾರೆ. ಸುಗ್ಗಿ ಬಂತೆಂದರೆ ಹಮಾಲರಿಗೆ ಬಿಡುವಿಲ್ಲ. ಚೀಲ ಎತ್ತಬೇಕು, ಹೊರಬೇಕು, ಲಾರಿಗೆ ಹಾಕಬೇಕು. ಎಲ್ಲರೂ ಚೀಲದ ಲೆಕ್ಕ ಇಡುತ್ತಾರೆ. ಎತ್ತಿದವರ ಕಸುವಿನ ಲೆಕ್ಕ ಯಾರು ಇಡುತ್ತಾರೆ?

ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಮುಂಗಾರು ಸಾಂಸ್ಕೃತಿಕ ಹಬ್ಬ ನಡೆಯುತ್ತದೆ. ಎತ್ತುಗಳು ಭಾರದ ಕಲ್ಲು ಎಳೆಯುತ್ತವೆ. ಮನುಷ್ಯರಿಗೂ ಕುಸ್ತಿ, ಕಲ್ಲುಗುಂಡು ಎತ್ತುವ ಪಂದ್ಯ ಇರುತ್ತವೆ.

"ಗೆಲ್ಲೋನು ಒಬ್ಬನೇ. ನಾವ್ಯಾಕ ಹೋಗಬೇಕ್ರಿ? ಸೋತ್ರ ಮಂದಿ ನಗ್ತಾರ" ಎಂದು ಕೆಲವರು ಹೇಳುತ್ತಾರೆ. ಈ ಮಾತು ಸರಿಯೇ? ವಿಚಾರ ಮಾಡೋಣ.

ಒಂದು: ಪಂದ್ಯಕ್ಕೆ ಹೆಸರು ಬರೆಸಿದರೆ ಒಂದು ದಿನ ಗೊತ್ತಾಗುತ್ತದೆ. ಆ ದಿನಕ್ಕಾಗಿ ತಾಲೀಮು ಮಾಡುತ್ತೇವೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇವೆ, ಮಲಗುತ್ತೇವೆ. ಕುಡಿತ, ಗುಟ್ಕಾ ಬಿಡಲು ಒಂದು ನೆಪ ಸಿಗುತ್ತದೆ.

ಎರಡು: ಸರಿಯಾದ ಅಳತೆ ಸಿಗುತ್ತದೆ. ಕಟ್ಟೆಯ ಮೇಲೆ ಕುಳಿತು ಎಷ್ಟು ಕಿಲೋ ಎತ್ತಿದೆನೆಂದರೂ ನಡೆಯುತ್ತದೆ. ಪಂದ್ಯದಲ್ಲಿ ನೋಡುವವರಿರುತ್ತಾರೆ. ಹೋದ ವರ್ಷ ಗುಂಡು ಮೊಣಕಾಲಿಗೆ ಬಂದಿತ್ತು. ಈ ವರ್ಷ ಎದೆಗೆ ಬಂತು. ಬಹುಮಾನ ಬರಲಿಲ್ಲ. ಆದರೂ ಇದು ಗೆಲುವಲ್ಲವೇ?

ಮೂರು: ಪಳಗಿದವರನ್ನು ನೋಡಿ ಕಲಿಯುತ್ತೇವೆ. ಕಾಲಿನ ಬಲದಿಂದ ಎತ್ತಬೇಕು. ಭಾರವನ್ನು ಮೈಗೆ ಹತ್ತಿರ ಹಿಡಿಯಬೇಕು. ಈ ಕಲಿಕೆ ನಾಳೆ ಚೀಲ ಎತ್ತುವಾಗ ನಡುವನ್ನು ಕಾಯುತ್ತದೆ.

"ನನ್ನ ಮೈ ಸಣ್ಣದು" ಎನ್ನಬೇಡಿ. ದೇಶ ದೇಶಗಳ ನಡುವೆ ನಡೆಯುವ ಭಾರ ಎತ್ತುವ ಸ್ಪರ್ಧೆಯಲ್ಲಿ ಮೈತೂಕದ ಪ್ರಕಾರ ಗುಂಪು ಮಾಡುತ್ತಾರೆ. ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ ಅವರ ತಂದೆ ವಾಹನ ಚಾಲಕರು. ಗುರುರಾಜ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಪದಕ ಪಡೆದರು. ಆಗ ಅವರು 56 ಕಿಲೋ ಗುಂಪಿನಲ್ಲಿದ್ದರು. 2022ರಲ್ಲಿ 61 ಕಿಲೋ ಗುಂಪಿನಲ್ಲಿ ಕಂಚು ಪಡೆದರು. ಹೆಣ್ಣುಮಕ್ಕಳೂ ಹಿಂದೆ ಬಿದ್ದಿಲ್ಲ. ಆಂಧ್ರದ ಕರ್ಣಂ ಮಲ್ಲೇಶ್ವರಿ 2000ದ ಒಲಿಂಪಿಕ್‌ನಲ್ಲಿ ಭಾರ ಎತ್ತಿ ಕಂಚು ಗೆದ್ದರು. ಒಲಿಂಪಿಕ್ ಪದಕ ಗೆದ್ದ ಭಾರತದ ಮೊದಲ ಮಹಿಳೆ ಅವರೇ.

ಆದರೆ ಎಚ್ಚರಿಕೆ ಬೇಕು. ಕುಡಿದು ಎತ್ತಬೇಡಿ. ಬಾಜಿ ಕಟ್ಟಿ ಎತ್ತಬೇಡಿ. ಎದೆನೋವು, ನಡುನೋವು, ಹರ್ನಿಯಾ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಮೈ ಒಲ್ಲೆ ಎಂದರೆ ಕೆಳಗಿಡಿ. ಗುಂಡು ಕೆಳಗಿಟ್ರ ಮಾನ ಹೋಗೋದಿಲ್ಲ. ನಡ ಮುರಿದ್ರ ದುಡಿಮೆ ಹೋಗ್ತದ, ಮನೆ ಮಂದಿ ಉಪವಾಸ ಬೀಳ್ತಾರ.

ಅಣ್ಣಂದಿರೇ, ಅಕ್ಕಂದಿರೇ, ಗೆಲ್ಲುವವನು ಒಬ್ಬನೇ ಇರಬಹುದು. ಆದರೆ ತನ್ನ ಕಸುವಿನ ಲೆಕ್ಕ ತಿಳಿಯುವವರು ಎಲ್ಲರೂ.

ಓದಿ ಬರೆಯಿರಿ: ಕಸುವು, ತಾಲೀಮು, ಪಂದ್ಯ, ಅಳತೆ, ಎಚ್ಚರಿಕೆ

ಉತ್ತರ ಹೇಳಿ:
1. ಪಂದ್ಯಕ್ಕೆ ಸೇರುವುದರಿಂದ ಆಗುವ ಮೂರು ಲಾಭಗಳು ಯಾವುವು?
2. ಯಾರು ಮೊದಲು ಡಾಕ್ಟರನ್ನು ಕೇಳಬೇಕು?
3. ನಿಮ್ಮ ಊರಿನಲ್ಲಿ ಯಾವ ಭಾರ ಎತ್ತುವ ಪಂದ್ಯ ನಡೆಯುತ್ತದೆ?

ಲೆಕ್ಕ ಮಾಡಿ: 2022ರಲ್ಲಿ ಗುರುರಾಜ ಒಂದು ವಿಧಾನದಲ್ಲಿ 118 ಕಿಲೋ, ಇನ್ನೊಂದು ವಿಧಾನದಲ್ಲಿ 151 ಕಿಲೋ ಎತ್ತಿದರು. ಒಟ್ಟು ಎಷ್ಟು?